ಅಕ್ಕನ ಪಾಲಿನ ಪಚಡಿ

ನಮ್ಮ ಮನೆಯಲ್ಲಿ ಹಸಿ ತರಕಾರಿಯ ಪಚಡಿ ಮಾಡುತ್ತಿದ್ದದ್ದು ಸತ್ತವಳೊಬ್ಬಳಿಗಾಗಿ. ಆ ಸತ್ತವಳು ನನ್ನ ಅವ್ವ. ಬದುಕಿದ್ದ ನಾವೂ ಅದನ್ನು ತಿನ್ನುತ್ತಿದ್ದೆವು, ಬಾಯಿ ಚಪ್ಪರಿಸಿಕೊಂಡೇ ತಿನ್ನುತ್ತಿದ್ದೆವು. ಆದರೆ ಮೊದಲ ತುತ್ತು ಅವಳದು. ಇದನ್ನು ಹೇಳಿದರೆ ಈಗಿನ ಮಕ್ಕಳು ನನ್ನ ಮುಖವನ್ನೇ ಮಿಕಿಮಿಕಿ ನೋಡುತ್ತವೆ. ನೋಡಲಿ. ನಾನು ಕತೆ ಕಟ್ಟುವವಳಲ್ಲ, ನಡೆದದ್ದನ್ನು ಹೇಳುವವಳು.

ಅವ್ವ ಕಪಿಲೆ ದಡದವಳು. ಹೆಗ್ಗಡದೇವನಕೋಟೆಯ ಆಚೆ ಬೀಚನಹಳ್ಳಿ ಹತ್ತಿರದ ಊರಿನಿಂದ ನಮ್ಮ ಹಾರನಹಳ್ಳಿ ಕಡೆಗೆ ಸೊಸೆಯಾಗಿ ಬಂದಳು. ಅವಳಿಗೆ ಹಾಲು ಮೊಸರು ಆಗುತ್ತಿರಲಿಲ್ಲ. ಬಾಯಿಗೆ ಸೇರುವುದಿಲ್ಲ ಅಂತಲ್ಲ, ಮೈಗೇ ಒಗ್ಗುತ್ತಿರಲಿಲ್ಲ. ಒಂದು ಗುಟುಕು ಮಜ್ಜಿಗೆ ಕುಡಿದರೂ ಹೊಟ್ಟೆ ಹಿಡಿದುಕೊಂಡು ಮಲಗಿಬಿಡುತ್ತಿದ್ದಳಂತೆ. ಕೊಟ್ಟಿಗೆ ತುಂಬ ದನ ಇದ್ದ ಮನೆಗೆ ಇಂಥ ಸೊಸೆ ಬಂದಳಲ್ಲ ಅಂತ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಊರಿಗೆಲ್ಲ ಆಡಿಕೊಂಡು ಬಂದಿದ್ದಳು. ಮಿಕ್ಕವರು ಸೌತೆಕಾಯಿಯನ್ನು ಮೊಸರಿಗೆ ಹೆಚ್ಚಿಕೊಂಡು ತಿನ್ನುವಾಗ ಅವ್ವ ತನ್ನ ಪಾಲಿಗೆ ಬೇರೆಯೇ ಮಾಡಿಕೊಳ್ಳುತ್ತಿದ್ದಳು. ಮೊಸರಿನ ಜಾಗಕ್ಕೆ ಹುಚ್ಚೆಳ್ಳು, ತೆಂಗಿನಕಾಯಿ.

ನನಗಿನ್ನೂ ಸರಿಯಾಗಿ ಬುದ್ಧಿ ಬಲಿಯುವ ಮೊದಲೇ ಚಳಿಜ್ವರ ಬಂದು ಅವ್ವ ಹೋದಳು. ಅವಳ ಮುಖ ನನಗೆ ನೆನಪಿಲ್ಲ. ಎಷ್ಟು ತಿಣುಕಿದರೂ ಬರುವುದಿಲ್ಲ. ಆ ಪಚಡಿಯ ರುಚಿ ಮಾತ್ರ ನಾಲಿಗೆಯಲ್ಲಿ ಉಳಿದಿತ್ತು.

ವರ್ಷ ತುಂಬುವುದರೊಳಗೆ ಅಪ್ಪ ಇನ್ನೊಂದು ಮದುವೆಯಾದ. ಚಿಕ್ಕವ್ವ ಬಂದದ್ದು ಚುಂಚನಕಟ್ಟೆ ಕಡೆಯಿಂದ. ಕಾವೇರಿ ನೀರಿನ ಗದ್ದೆ, ಎಮ್ಮೆ ಹಾಲು, ಚಾಕುವಿನಿಂದ ಕೊಯ್ಯಬೇಕು ಅನ್ನುವಂಥ ಗಟ್ಟಿ ಮೊಸರು, ಇವುಗಳ ನಡುವೆ ಬೆಳೆದ ಹುಡುಗಿ. ನಮ್ಮ ಕಡೆ ಮೊದಲನೆಯವಳು ಸತ್ತ ಮನೆಗೆ ಎರಡನೆಯವಳು ಬಂದರೆ ಅವಳ ಕೊರಳಿಗೆ ತಾಳಿಯ ಜೊತೆಗೆ ಒಂದು ಪುಟ್ಟ ಚಿನ್ನದ ಬಿಲ್ಲೆಯನ್ನೂ ಕಟ್ಟುತ್ತಿದ್ದರು. ಸತ್ತವಳು ಅದರಲ್ಲಿ ಬಂದು ಕೂರುತ್ತಾಳೆ ಅಂತ ನಂಬಿಕೆ. ಹೊಸ ಸೀರೆ ಉಡುವ ಮುಂಚೆ ಸೀರೆಯನ್ನು ಅದಕ್ಕೆ ತಾಗಿಸಬೇಕು, ಉಣ್ಣುವ ಮುಂಚೆ ತುತ್ತನ್ನು ತಾಗಿಸಬೇಕು. ಇಲ್ಲದಿದ್ದರೆ ಅವಳಿಗೆ ಹೊಟ್ಟೆಕಿಚ್ಚಾಗಿ ಹೊಸಬಳನ್ನೋ ಅವಳ ಹೊಟ್ಟೆಯ ಕೂಸನ್ನೋ ಕಾಡುತ್ತಾಳೆ ಅನ್ನುತ್ತಿದ್ದರು.

ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಬಿಲ್ಲೆಯನ್ನು ಗಿಡ್ಡ ದಾರಕ್ಕೆ ಪೋಣಿಸಿ, ಸರಿಯಾಗಿ ಗಂಟಲ ಗುಳಿಯ ಮೇಲೆ ಬರುವಂತೆ ಕಟ್ಟಿಸಿದಳು. ಚಿಕ್ಕವ್ವ ಮನೆ ತುಂಬಿದ ಮಾರನೆಯ ದಿನವೇ ಒಲೆ ಮುಂದೆ ಕೂರಿಸಿಕೊಂಡು ಹೇಳಿದಳು.

"ನೋಡಮ್ಮಿ, ನಿಮ್ಮಕ್ಕಂಗೆ ಆಲು ಮೊಸ್ರು ಆಯ್ತಿರ್ನಿಲ್ಲ. ನೀನು ಮೊಸ್ರು ಉಂಡ್ರೆ ಅದು ಅವ್ಳು ಕುಂತಿರೋ ತಾವಿಂದ್ಲೇ ಇಳೀಬೇಕು. ಅವ್ಳು ಸುಮ್ಕಿರ್ತಾಳಾ?"

"ಇಲ್ಲ ಅತ್ತೆ," ಅಂದಳು ಚಿಕ್ಕವ್ವ.

"ಅವ್ಳು ತಿನ್ನೋ ಪಚಡಿ ಮಾಡು. ಅವ್ಳಿಗಿಕ್ಕು. ಆಮೇಲೆ ನೀನೂ ಅದ್ನೇ ತಿನ್ನು."

ಬದುಕಿದ್ದಾಗ ಅವ್ವನ ಹೊಟ್ಟೆಯನ್ನು ಆಡಿಕೊಂಡವಳು ಸತ್ತ ಮೇಲೆ ಅದೇ ಹೊಟ್ಟೆಗೆ ಹೆದರಿ ನಡುಗುತ್ತಿದ್ದಳು. ನನಗೆ ಈಗಲೂ ಅಜ್ಜಿಯ ಮೇಲೆ ಕೋಪ ಬರುವುದು ಅದಕ್ಕೇ. ಆ ಮರ್ಯಾದೆಯಲ್ಲಿ ಕಾಲುಭಾಗ ಮೊದಲೇ ಕೊಟ್ಟಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಚಿಕ್ಕವ್ವ ಆ ಪಚಡಿಯನ್ನು ಕಂಡವಳಲ್ಲ. ಅಜ್ಜಿ ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಹುಡುಕುತ್ತಾ ಹೋದಳು. ರಾಗಿ ಹೊಲದ ಸಾಲಿನ ನಡುವೆ ಬೆಳೆದ ಹುಚ್ಚೆಳ್ಳನ್ನು ಕೇರಿ, ಕಲ್ಲು ಆರಿಸಿ, ಹುರಿಯುವ ಮಣ್ಣಿನ ಓಡಿನಲ್ಲಿ ಬೆಚ್ಚಗೆ ಮಾಡಬೇಕು. ಚಟಪಟ ಅನ್ನುವ ಮೊದಲೇ ಇಳಿಸಬೇಕು, ಇಲ್ಲದಿದ್ದರೆ ಕಹಿ. ಅದನ್ನು ಒರಳಿಗೆ ಹಾಕಿ ಮೊದಲು ಒಣದಾಗಿಯೇ ಅರೆದು, ಎಣ್ಣೆ ಬಿಟ್ಟುಕೊಳ್ಳುವ ಹೊತ್ತಿಗೆ ಹಸಿ ತೆಂಗಿನಕಾಯಿ, ಹಸಿಮೆಣಸಿನಕಾಯಿ, ಚೂರು ಶುಂಠಿ ಸೇರಿಸಿ, ನೀರು ಚಿಮುಕಿಸುತ್ತಾ ರುಬ್ಬಬೇಕು. ಬೆರಳಿಗೆ ತರಿ ಸಿಕ್ಕಬಾರದು. ಕೊನೆಗೆ ಅದು ಬೂದಿಬಣ್ಣಕ್ಕೆ ತಿರುಗಿ ಕೆನೆಯಂತೆ ಕೈಗೆ ಮೆತ್ತಿಕೊಳ್ಳುತ್ತದೆ. ಸೌತೆಕಾಯಿ, ಎಳೆ ಮೂಲಂಗಿ, ಮೂಲಂಗಿಯ ಚಿಗುರು ಸೊಪ್ಪು, ಈರುಳ್ಳಿ, ಇವನ್ನೆಲ್ಲ ಸಣ್ಣಗೆ ಹೆಚ್ಚಿ ಒಣ ಬಟ್ಟೆಯ ಮೇಲೆ ಹರಡಿಟ್ಟಿರಬೇಕು. ಎಲೆ ಹಾಕಿದ ಮೇಲೆಯೇ ಉಪ್ಪು, ನಿಂಬೆಹುಳಿ, ಆ ಕೆನೆ. ಮೊದಲೇ ಉಪ್ಪು ಬಿದ್ದರೆ ತರಕಾರಿ ನೀರು ಬಿಟ್ಟುಕೊಂಡು ಎಲ್ಲ ಜಾಳುಜಾಳಾಗುತ್ತದೆ.

ಮೊದಮೊದಲು ಕಹಿಯಾಯಿತು, ಇನ್ನೊಮ್ಮೆ ನೀರಾಯಿತು. ಚಿಕ್ಕವ್ವ ಪ್ರತಿ ಸಲ ಒಂದು ಚೂರು ನನ್ನ ಅಂಗೈಗೆ ಹಾಕಿ ಕೇಳುತ್ತಿದ್ದಳು.

"ನಿಮ್ಮವ್ವ ಮಾಡ್ತಿದ್ದಂಗೆ ಐತಾ ಮಗ?"

ನಾನು ತಲೆಯಾಡಿಸಿ ಇಲ್ಲ ಅನ್ನುತ್ತಿದ್ದೆ. ಒಂದು ಮಧ್ಯಾಹ್ನ ಬಾಯಿಗಿಟ್ಟುಕೊಂಡದ್ದೇ ನನಗೆ ಮೈಯೆಲ್ಲ ಜುಮ್ಮೆಂದಿತು. ಅವ್ವ ಒಲೆಯ ಹಿಂದೆಯೇ ಎಲ್ಲೋ ಇದ್ದಾಳೆ, ಈಗ ಬರುತ್ತಾಳೆ ಅನ್ನಿಸಿತು. ತಿರುಗಿ ನೋಡಿದೆ. ಚಿಕ್ಕವ್ವ ಮೊದಲ ತುತ್ತನ್ನು ಗಂಟಲ ಬಿಲ್ಲೆಗೆ ಮುಟ್ಟಿಸುತ್ತಿದ್ದಳು. ಅವತ್ತಿನಿಂದ ನನಗೆ ಅನುಮಾನವೇ ಉಳಿಯಲಿಲ್ಲ. ಅವ್ವ ಅಲ್ಲಿಯೇ ಇದ್ದಳು.

ಇದ್ದರೂ ನನ್ನ ಕೊರಳಲ್ಲಿ ಇರಲಿಲ್ಲವಲ್ಲ. ಆ ಸಂಕಟ ನನ್ನನ್ನು ಸುಡುತ್ತಿತ್ತು. ಚಿಕ್ಕವ್ವ ಮಧ್ಯಾಹ್ನ ಪಡಸಾಲೆಯಲ್ಲಿ ಒರಗಿದಾಗ ನಾನು ಮೆಲ್ಲಗೆ ಹೋಗಿ ಅವಳ ಕೊರಳ ಹತ್ತಿರ ಬಾಯಿಟ್ಟು ಬಿಲ್ಲೆಯ ಜೊತೆ ಮಾತಾಡುತ್ತಿದ್ದೆ. ಕರು ಹಾಕಿದ್ದು, ಅಜ್ಜಿ ಬೈದದ್ದು, ಮೊಣಕೈ ತರಚಿದ್ದು, ಎಲ್ಲ ಹೇಳುತ್ತಿದ್ದೆ. ಚಿಕ್ಕವ್ವನ ರೆಪ್ಪೆ ಅದುರುತ್ತಿತ್ತು. ಅವಳಿಗೆ ಎಚ್ಚರವಿದೆ ಅಂತ ನನಗೂ ಗೊತ್ತಾಗುತ್ತಿತ್ತು. ಆದರೆ ನಾನು ಮುಗಿಸಿ ಏಳುವವರೆಗೂ ಅವಳು ಮಗ್ಗುಲು ಬದಲಿಸುತ್ತಿರಲಿಲ್ಲ.

ಆಮೇಲೆ ಚಿಕ್ಕವ್ವ ಬಸುರಿಯಾದಳು. ಬಸುರಿಗೆ ಬಯಕೆ. ಅವಳಿಗೆ ಬಯಕೆಯಾದದ್ದು ಮೊಸರಿಗೆ. ಮೊಸರು ಕಡೆಯುವ ಹೊತ್ತಿಗೆ ಅವಳು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು, ಕಣ್ಣಿಗೆ ಬೀಳದಿರಲಿ ಅಂತ. ಹೆರಿಗೆಗೆ ತವರಿಗೆ ಹೋದಾಗ ಅವಳ ತಾಯಿ ಮಗಳ ಕೊರಳೆಲುಬು ಕಂಡು ಅತ್ತು, ಇಲ್ಲಿ ಯಾರು ನೋಡುತ್ತಾರೆ ತಿನ್ನು ಅಂತ ಬಟ್ಟಲು ಮೊಸರು ಕೊಟ್ಟಳಂತೆ. ಚಿಕ್ಕವ್ವ ತಿಂದಳು. ಗಂಡು ಮಗು ಹುಟ್ಟಿತು. ಹೆಸರಿಡುವ ಮೊದಲೇ ಹೋಯಿತು.

ಬರಿಗೈಯಲ್ಲಿ ಗಾಡಿ ಇಳಿದವಳನ್ನು ಅಜ್ಜಿ ಬಾಗಿಲಲ್ಲೇ ನಿಲ್ಲಿಸಿಕೊಂಡು, ಏನೇನು ತಿಂದೆ ಅಂತ ಕೇಳಿದಳು. ಸುಳ್ಳು ಹೇಳಲು ಬಾರದ ಹೆಂಗಸು, ಇದ್ದದ್ದನ್ನು ಹೇಳಿಬಿಟ್ಟಳು.

"ಮೊಸ್ರು ಇಳಿಸ್ದಲ್ಲ ಅಮ್ಮಿ, ಬುಟ್ಟಾಳಾ ಅವ್ಳು?" ಅಂದಳು ಅಜ್ಜಿ. "ಮಗೀನ ಎತ್ಕಂಡೋದ್ಲು."

ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. ಅಜ್ಜಿ ಹೇಳುತ್ತಿದ್ದದ್ದು ನನ್ನ ಅವ್ವನ ವಿಷಯ. ಒಂದು ಬಟ್ಟಲು ಮೊಸರಿಗೆ ನನ್ನ ಅವ್ವ ಕೂಸಿನ ಉಸಿರು ಕಿತ್ತುಕೊಂಡಳು ಅಂತ. ಆ ದಿನದಿಂದ ಬಿಲ್ಲೆಯ ಹತ್ತಿರ ಹೋಗಲಿಲ್ಲ. ಚಿಕ್ಕವ್ವ ತಲೆ ಬಾಚಲು ಕರೆದರೆ ಬೆನ್ನು ಮಾಡಿ ಕೂರುತ್ತಿದ್ದೆ, ಅದು ನನ್ನನ್ನು ನೋಡದಿರಲಿ ಅಂತ. ಅವಳು ಬಗ್ಗಿದಾಗ ಬಿಲ್ಲೆ ನನ್ನ ಹೆಗಲಿಗೆ ತಾಗಿದರೆ ಬೆಚ್ಚಿಬೀಳುತ್ತಿದ್ದೆ. ಹೆತ್ತ ತಾಯಿಗೆ ಹೆದರುವ ಮಗಳ ಪಾಡು ಯಾರಿಗೂ ಬೇಡ. ಅವ್ವ ಕೊಂದಳೇ, ಇಲ್ಲವೇ? ಯಾರನ್ನು ಕೇಳಲಿ? ಮದುವೆಯಾಗಿ ನನಗೇ ಮಕ್ಕಳಾದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಕ್ಕಳಿಗೆ ಜ್ವರ ಬಂದರೆ ಸಾಕು, ಮೊದಲು ನೆನಪಾಗುತ್ತಿದ್ದದ್ದು ಅವ್ವ.

ಚಿಕ್ಕವ್ವನಿಗೆ ಮತ್ತೆ ಬಸುರು ನಿಲ್ಲಲಿಲ್ಲ. ಅಜ್ಜಿ ತೀರಿಕೊಂಡಳು. ಮೊಸರು ಬೇಡ ಅನ್ನುವವರು ಮನೆಯಲ್ಲಿ ಯಾರೂ ಉಳಿಯಲಿಲ್ಲ, ಅಪ್ಪ ಒಲೆ ಕಡೆ ತಲೆ ಹಾಕಿದವನೇ ಅಲ್ಲ. ಆದರೂ ಚಿಕ್ಕವ್ವ ಅದೇ ಹುಚ್ಚೆಳ್ಳು ರುಬ್ಬುತ್ತಿದ್ದಳು, ಅದನ್ನೇ ಬಿಲ್ಲೆಗೆ ಮುಟ್ಟಿಸಿ ತಿನ್ನುತ್ತಿದ್ದಳು. ನಾನು ಹೋದಾಗಲೆಲ್ಲ ಜಗಳ.

"ಇನ್ನೂ ಯಾರಿಗೆ ಎದ್ರಿಕೊಂಡು ಸಾಯ್ತಿದ್ದೀಯ? ಮೊಸ್ರು ಉಣ್ಣು," ಅನ್ನುತ್ತಿದ್ದೆ.

"ಅಂಗೇ ಇರ್ಲಿ ಬುಡು ಮಗ," ಅನ್ನುತ್ತಿದ್ದಳು.

ಮೈಮೇಲೆ ಕೂತ ದೆವ್ವಕ್ಕೆ ಹೆದರಿ ಹೀಗೆ ಬಾಯಿ ಕಟ್ಟಿಕೊಂಡಿದ್ದಾಳೆ, ಆ ದೆವ್ವ ನನ್ನ ಅವ್ವ ಅಂತ ನಾನು ಒಳಗೊಳಗೇ ಬೇಯುತ್ತಿದ್ದೆ. ಅವಳು ಒಂದೇ ಒಂದು ತುತ್ತು ಮೊಸರನ್ನ ಉಂಡು, ಏನೂ ಆಗದೆ ಎದ್ದು ಓಡಾಡಿದರೆ ನನ್ನ ಅವ್ವನೂ ಬಿಡುಗಡೆಯಾಗುತ್ತಾಳೆ ಅನ್ನುವುದು ನನ್ನ ಲೆಕ್ಕ.

ಯುದ್ಧದ ಕಾಲ. ಅಕ್ಕಿಗೂ ಸೀಮೆಎಣ್ಣೆಗೂ ಪರದಾಟ. ಚಿಕ್ಕವ್ವ ಜ್ವರದಲ್ಲಿ ಬಿದ್ದು ಏಳದೆ ಹೋದಾಗ ಅಪ್ಪ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹುಣಸೂರಿನ ನನ್ನ ಮನೆಗೆ ತಂದುಬಿಟ್ಟ. ಡಾಕ್ಟರು ನೋಡಿದರು. ಜ್ವರ ಇಳಿದಿದೆ, ಮೈಯಲ್ಲಿ ಏನೂ ಉಳಿದಿಲ್ಲ, ಮೆತ್ತಗಿನ ಅನ್ನಕ್ಕೆ ಮೊಸರು ಕಲಸಿ ಹೊತ್ತುಹೊತ್ತಿಗೆ ತಿನ್ನಿಸಿ, ತಿಂದರೆ ಉಳಿಯುತ್ತಾರೆ ಅಂದರು. ನಾನು ಬಟ್ಟಲು ಹಿಡಿದುಕೊಂಡು ಕೂತೆ. ಅವಳು ತುಟಿ ಬಿಚ್ಚಲಿಲ್ಲ.

ನನಗೆ ತಡೆಯಲಿಲ್ಲ. ಬಟ್ಟಲು ಕೆಳಗಿಟ್ಟು, ಅವಳ ಕತ್ತಿನ ಹಿಂದೆ ಕೈಹಾಕಿ ಬಿಲ್ಲೆಯ ದಾರದ ಗಂಟು ಬಿಚ್ಚಿದೆ. ಅಪ್ಪ ಬಾಗಿಲಲ್ಲಿ ನಿಂತು ಏನೋ ಹೇಳಲು ಬಂದ. ಇದರಲ್ಲಿರುವವಳು ನನ್ನ ಅವ್ವ, ನನ್ನ ಹತ್ತಿರ ಇರಲಿ, ನೀನು ಆಚೆ ಹೋಗು ಅಂದೆ. ಬಿಲ್ಲೆಯನ್ನು ನನ್ನ ಕೊರಳಿಗೆ ಕಟ್ಟಿಕೊಂಡೆ. ಚಿಕ್ಕಂದಿನಿಂದ ಬಯಸಿದ್ದು, ಆಮೇಲೆ ಹೆದರಿ ದೂರವಿಟ್ಟದ್ದು, ಈಗ ನನ್ನ ಗಂಟಲ ಮೇಲೆ ಕೂತಿತ್ತು. ತಣ್ಣಗಿತ್ತು. ಅಷ್ಟೇ. ಅವ್ವ ಇದ್ದಾಳೆ ಅಂತಲೂ ಅನ್ನಿಸಲಿಲ್ಲ, ಇಲ್ಲ ಅಂತಲೂ ಅನ್ನಿಸಲಿಲ್ಲ.

"ಈಗ ನಿನ್ನ ಗಂಟಲಲ್ಲಿ ಯಾರೂ ಇಲ್ಲ. ಏನಾದ್ರೂ ಆಗೋದಿದ್ರೆ ನನಗಾಗ್ಲಿ. ಉಣ್ಣು," ಅಂದೆ.

ಚಿಕ್ಕವ್ವ ಕೈಯೆತ್ತಿ ತನ್ನ ಗಂಟಲ ಗುಳಿಯನ್ನು ತಡವಿ ನೋಡಿಕೊಂಡಳು. ಅಲ್ಲಿ ಬಿಲ್ಲೆ ಕೂತು ಕೂತು ಚರ್ಮ ಬೆಳ್ಳಗಾಗಿತ್ತು. ಆಮೇಲೆ ನನ್ನ ಕೊರಳನ್ನೇ ನೋಡುತ್ತಾ ಕೇಳಿದಳು.

"ಒಬ್ಳೇ ಎಂಗುಣ್ಲಿ ಮಗ?"

"ನಾನಿಲ್ವಾ? ಒಬ್ಳೇ ಯಾಕೆ?"

"ನೀವೆಲ್ಲ ಉಂಡೆದ್ದ ಮೇಲೆ ನಾನು ಕುಂತ್ಕತಿದ್ದೆ. ಆ ಮನೇಲಿ ನಂಜೊತೆ ಎಲೆ ಮುಂದೆ ಕುಂತೋಳು ಅಕ್ಕ ಒಬ್ಳೇ."

"ಅವ್ಳು ನಿನ್ನ ಮಗೀನ ಎತ್ಕೊಂಡು ಹೋದೋಳು ಚಿಕ್ಕವ್ವ." ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

"ಊಂ. ಎತ್ಕಂಡೋದ್ಲು," ಅಂದಳು ಚಿಕ್ಕವ್ವ, ಎಷ್ಟೋ ದಿನದಿಂದ ಗೊತ್ತಿದ್ದ ಮಾತಿನ ಹಾಗೆ. "ಅದ್ಕೇ ಅಲ್ವಾ. ಎತ್ಕಂಡೋಳು ಸಾಕ್ತಾ ಇರ್ತಾಳೆ ಕಣವ್ವ, ಸಾಯಿಸೋಕೆ ಯಾರಾದ್ರೂ ಎತ್ಕತಾರಾ? ಮಗ ಅವ್ಳ ಮಡ್ಲಾಗೆ ಐತೆ. ಎದೆ ಚೀಪೋ ಕೂಸು. ಅಕ್ಕ ಉಂಡ್ರೆ ತಾನೇ ಅದ್ಕೆ ಆಲು. ಅವ್ಳಿಗಾಗದ್ದು ಉಣ್ಸುದ್ರೆ ಕೂಸಿಗಾಯ್ತದಾ?"

ಇಷ್ಟು ವರ್ಷ ಅವಳು ಹೆದರಿಕೊಂಡಿದ್ದಾಳೆ ಅಂದುಕೊಂಡಿದ್ದೆ. ಅವಳು ಬಾಣಂತಿಯ ಪಥ್ಯ ಮಾಡುತ್ತಿದ್ದಳು, ನನ್ನ ಅವ್ವನ ಪರವಾಗಿ. ಊರೆಲ್ಲ ಕೊಲೆಗಾತಿ ಅಂದವಳ ಕೈಗೆ ಇವಳೊಬ್ಬಳು ನಂಬಿಕೆಯಿಂದ ಮಗು ಕೊಟ್ಟು, ದಿನಾ ಎರಡು ಹೊತ್ತು ಉಣ್ಣಿಸಿಕೊಂಡು ಬಂದಿದ್ದಳು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

"ಅಳಬ್ಯಾಡ ಕಣವ್ವ," ಅಂದಳು. "ಒತ್ತಾಯ್ತು. ಕಟ್ಟು."

ಬಿಲ್ಲೆಯನ್ನು ಬಿಚ್ಚಿ ಮತ್ತೆ ಅವಳ ಕೊರಳಿಗೇ ಕಟ್ಟಿದೆ. ಡಾಕ್ಟರ ಮಾತು ಮೀರುತ್ತಿದ್ದೇನೆ ಅಂತ ಗೊತ್ತಿತ್ತು, ಅವಳು ಮೊಸರು ಮುಟ್ಟುವುದಿಲ್ಲ ಅಂತಲೂ ಗೊತ್ತಿತ್ತು. ಹುಚ್ಚೆಳ್ಳು ಬೆಚ್ಚಗೆ ಮಾಡಿ ರುಬ್ಬಿದೆ. ತರಿ ಉಳಿಯದ ಹಾಗೆ ರುಬ್ಬಿದೆ. ಅವಳ ಹೊಟ್ಟೆಗೆ ಹಸಿ ತರಕಾರಿ ಬೇಡ ಅಂತ ಬರೀ ಆ ಕೆನೆಯನ್ನೇ ಮೆತ್ತಗಿನ ಅನ್ನಕ್ಕೆ ಕಲಸಿ ತಂದೆ. ಚಿಕ್ಕವ್ವ ಗೋಡೆಗೊರಗಿ ಕೂತು, ತುತ್ತು ತೆಗೆದುಕೊಂಡು ಬಿಲ್ಲೆಗೆ ಮುಟ್ಟಿಸಿದಳು. ಸ್ವಲ್ಪ ಹೊತ್ತು ಕಾದು, ತಾನೊಂದು ಚೂರು ಬಾಯಿಗೆ ಹಾಕಿಕೊಂಡಳು. ಮತ್ತೆ ಮುಟ್ಟಿಸಿದಳು. ತಾನು ತಿಂದದ್ದಕ್ಕಿಂತ ಬಿಲ್ಲೆಗೆ ಮುಟ್ಟಿಸಿದ್ದೇ ಹೆಚ್ಚು. ಅನ್ನ ಕೊರಳ ಮೇಲೆಲ್ಲ ಅಂಟಿಕೊಂಡಿತು, ಎದೆ ಮೇಲೆ ಇಳಿಯಿತು. ನಾನು ಒರೆಸಲು ಹೋಗಲಿಲ್ಲ. ಬಟ್ಟಲು ಖಾಲಿಯಾದಾಗ ಅವಳು ನನ್ನ ಕಡೆ ನೋಡಿ, ಇನ್ನೊಂಚೂರು ತತ್ತೀಯಾ ಅಂದಳು, ಅವ್ನಿಗೆ ಸಾಲ್ದು.