ಕುಣಿಗಲ್ಲಿಗೆ ತಲುಪದ ಮೂರು ಫೋಟೋ

ಗುಬ್ಬಿ ತಾಲ್ಲೂಕಿನ ಹಳ್ಳಿಶಾಲೆಯೊಂದರ ಮುಖ್ಯ ಶಿಕ್ಷಕಿ ತುಮಕೂರಿನ ನಮ್ಮ ಶಿಕ್ಷಣ ಇಲಾಖೆ ಕಚೇರಿಗೆ ಮೇಲ್ ಕಳಿಸಿದ್ದು ಸೋಮವಾರ. ನಾಲ್ಕು ಸಾಲಿನ ಪತ್ರ, ಕೆಳಗೆ ಮೂರು ಫೋಟೋ. ಎರಡನೇ ತರಗತಿಯ ಚಾವಣಿ ಬಿರುಕು ಬಿಟ್ಟಿದೆ, ಮಕ್ಕಳನ್ನು ಎದುರಿನ ಹಾಲಿನ ಡೇರಿ ಕಟ್ಟಡದಲ್ಲಿ ಕೂರಿಸಲು ಅನುಮತಿ ಬೇಕು ಎಂದು ಕೇಳಿದ್ದರು. ಫೋಟೋಗಳನ್ನು ನಾನು ಒಂದೊಂದಾಗಿ ತೆರೆದು ನೋಡಿದೆ. ಮೂರನೆಯದರಲ್ಲಿ ಗಾರೆ ಉದುರಿ, ತುಕ್ಕು ಹಿಡಿದ ಕಂಬಿ ಕಾಣುತ್ತಿತ್ತು.

ಅನುಮತಿಗೆ ಮೊದಲು ಇಂಜಿನಿಯರ್ ಅಭಿಪ್ರಾಯ ಬೇಕಿತ್ತು. ಅವರು ಕೂರುವುದು ಕುಣಿಗಲ್ಲಿನಲ್ಲಿ. ಗುಬ್ಬಿಯೂ ಆಗ ಅವರ ಹೊಣೆಯಲ್ಲೇ ಇತ್ತು. ನಾನು ಮೇಲ್‌ನಲ್ಲಿ ರಿಪ್ಲೈ ಒತ್ತಿ, ಮುಖ್ಯ ಶಿಕ್ಷಕಿಯ ವಿಳಾಸ ಅಳಿಸಿ, ಇಂಜಿನಿಯರ್ ವಿಳಾಸ ಹಾಕಿ ಕಳಿಸಿದೆ. ಫಾರ್ವರ್ಡ್ ಒತ್ತಲಿಲ್ಲ. ಇಪ್ಪತ್ತು ವರ್ಷ ಕಾಗದದ ಕಡತ ನೋಡಿಕೊಂಡವಳು ನಾನು. ಬಂದ ಪತ್ರದ ಬೆನ್ನಿಗೇ ಟಿಪ್ಪಣಿ ಬರೆಯಬೇಕು, ದಾರ ಬಿಚ್ಚಬಾರದು ಎಂದು ಕಲಿತಿದ್ದೆ. ದಾರ ಕಟ್ಟಿದ ಮೇಲೆ ಲಗತ್ತುಗಳು ಜೊತೆಗೇ ಹೋಗುತ್ತವೆ.

ಮಂಗಳವಾರ ಇಂಜಿನಿಯರ್ ಫೋನ್ ಮಾಡಿದರು. "ಫೋಟೋನೇ ಇಲ್ವಲ್ಲಮ್ಮ. ಬರೀ ಕಾಗ್ದ ಬಂದದೆ."

"ನನಗೆ ಕಾಣ್ತಾ ಇದೆ ಸರ್. ನಿಮ್ ಕಡೆ ನೆಟ್ ಸರಿಯಿಲ್ವೇನೋ."

ನನ್ನ ಪರದೆಯಲ್ಲಿ ಅವು ನಿಜವಾಗಿಯೂ ಇದ್ದವು. ಮುಖ್ಯ ಶಿಕ್ಷಕಿಯ ಮೂಲ ಮೇಲ್ ಅಲ್ಲೇ ಮೇಲುಗಡೆ ಇತ್ತು, ಅದರ ಕೆಳಗೆ ನಾನು ಕಳಿಸಿದ್ದು. ಎರಡೂ ಒಂದೇ ಎಂದುಕೊಂಡು ಮತ್ತೆ ಹಾಗೆಯೇ ಕಳಿಸಿದೆ.

ಬುಧವಾರ ಮುಖ್ಯ ಶಿಕ್ಷಕಿಯ ಫೋನ್ ಬಂತು. "ಏನ್ ಮಾಡ್ಲಿ ಮೇಡಂ? ಒಳಗೇ ಕೂರಿಸ್ಲಾ, ಬ್ಯಾಡ್ವಾ?"

"ಇಂಜಿನಿಯರ್ ನೋಡ್ಲಿ, ತಾಳಿ ಮೇಡಂ" ಎಂದೆ. ನಾನು ಹೇಳಿದ್ದು ಇಷ್ಟೇ.

ಪಕ್ಕದ ಟೇಬಲ್ಲಿನವರು ಕೇಳಿಸಿಕೊಂಡು ನಕ್ಕರು. "ಕುಣಿಗಲ್ ನೆಟ್‌ನ ಎಷ್ಟೂಂತ ಬಯ್ತೀರಾ? ಒಂದ್ಸಲ ನಿಮಗೇ ಕಳಿಸ್ಕೊಂಡು ನೋಡಿ ಮೇಡಮ್ಮೋರೇ, ನೀವೇನು ಕುಣಿಗಲ್ಲಲ್ಲಿಲ್ವಲ್ಲ!"

ಹೊರಡುವ ಮುನ್ನ ಅದೇ ರೀತಿಯಲ್ಲಿ ನನ್ನ ಸ್ವಂತ ವಿಳಾಸಕ್ಕೆ ಕಳಿಸಿಕೊಂಡೆ. ಮನೆ ಕ್ಯಾತ್ಸಂದ್ರದಲ್ಲಿ. ಬಸ್ಸಿನಲ್ಲಿ ಮೊಬೈಲ್ ತೆರೆದೆ. ನಾಲ್ಕು ಸಾಲಿನ ಪತ್ರವಿತ್ತು, "ಫೋಟೋಗಳನ್ನು ಲಗತ್ತಿಸಿದೆ" ಎಂಬ ಮಾತೂ ಇತ್ತು. ಅದರ ಕೆಳಗೆ ಏನೂ ಇರಲಿಲ್ಲ. ರಿಪ್ಲೈ ಎಂದರೆ ಕಳಿಸಿದವರಿಗೇ ಉತ್ತರ. ಅವರ ಫೋಟೋ ಅವರಿಗೇ ಏಕೆ ಎಂದು ಯಂತ್ರ ಅದನ್ನು ಬಿಟ್ಟುಬಿಡುತ್ತದೆ. ಆಮೇಲೆ ವಿಳಾಸ ಬದಲಿಸಿದರೂ ಫೋಟೋ ಸೇರುವುದಿಲ್ಲ.

ಕಚೇರಿಯ ಮೇಲ್ ನನ್ನ ಮೊಬೈಲಿನಲ್ಲಿರಲಿಲ್ಲ. ಆದರೆ ಮುಖ್ಯ ಶಿಕ್ಷಕಿಯ ನಂಬರ್ ಇತ್ತು. ನಾಳೆ ಮಕ್ಕಳನ್ನು ಒಳಗೆ ಬಿಡಬೇಡಿ ಎಂದು ಆಗಲೇ ಹೇಳಬಹುದಿತ್ತು. ಬೆಳಗ್ಗೆ ಹೋದ ತಕ್ಷಣ ಸರಿಯಾಗಿ ಕಳಿಸಿದರಾಯಿತು ಎಂದುಕೊಂಡು ಮೊಬೈಲನ್ನು ಬ್ಯಾಗಿಗೆ ಹಾಕಿದೆ.

ಗುರುವಾರ ಹತ್ತು ಗಂಟೆಗೆ ಫಾರ್ವರ್ಡ್ ಒತ್ತಿದೆ. ಕೆಳಗೆ ಮೂರು ಫೋಟೋಗಳ ಹೆಸರು ಬಂದವು. ಐದು ನಿಮಿಷಕ್ಕೆ ಇಂಜಿನಿಯರ್ ಫೋನ್. "ಮೊದ್ಲು ಮಕ್ಕಳನ್ನ ಈಚೆ ಕಳಿಸಕ್ಕೇಳಮ್ಮ. ಅನುಮತಿ ಗಿನುಮತಿ ಆಮೇಲೆ."

ಶಾಲೆಗೆ ಫೋನ್ ಮಾಡಿದೆ. ಮುಖ್ಯ ಶಿಕ್ಷಕಿ ನನ್ನ ಮಾತು ಮುಗಿಯಲು ಬಿಡಲಿಲ್ಲ.

"ಬಿದ್ದೋಯ್ತು ಮೇಡಂ. ಈಗ್ತಾನೆ, ಪ್ರಾರ್ಥನೆ ಟೈಮಲ್ಲಿ. ಮಕ್ಕಳೆಲ್ಲ ಅಂಗಳದಲ್ಲಿದ್ವು."

ಸ್ವಲ್ಪ ಹೊತ್ತಿಗೆ ಅವರಿಂದ ಇನ್ನೊಂದು ಮೇಲ್ ಬಂತು, ಒಂದೇ ಫೋಟೋ. ಫಾರ್ವರ್ಡ್ ಒತ್ತಿ, ಲಗತ್ತು ಇದೆಯೇ ಎಂದು ಎರಡು ಸಲ ನೋಡಿ ಕುಣಿಗಲ್ಲಿಗೆ ಕಳಿಸಿದೆ. ಕಳಿಸಿದ ಮೇಲೆ ಫೋಟೋ ತೆರೆದೆ. ನೆಲದ ಮೇಲೆ ಕಾಂಕ್ರೀಟಿನ ದಪ್ಪ ಹೆಂಟೆಗಳು. ಒಂದರ ಕೆಳಗಿನಿಂದ ಗುಲಾಬಿ ಬಣ್ಣದ ಬ್ಯಾಗಿನ ಪಟ್ಟಿ ಹೊರಗೆ ಚಾಚಿತ್ತು.

ಮತ್ತೆ ಫೋನ್ ಮಾಡಿ ಅದು ಯಾರದು ಎಂದು ಕೇಳಿದೆ.

"ಮೊದಲ್ನೇ ಸಾಲಿನ ಹುಡುಗೀದು. ಬೆಲ್ ಆಯ್ತು ಅಂತ ಅಲ್ಲೇ ಬಿಟ್ಟು ಓಡಿಬಂದವ್ಳೆ. ಈಗ ಬ್ಯಾಗ್ ಬೇಕು ಅಂತ ಅಳ್ತಾ ಕೂತವ್ಳೆ ಮೇಡಂ, ಒಳಗೆ ಬಿಡ್ತಿಲ್ಲ ನಾನು."

"ಬಿಡಬೇಡಿ" ಎಂದೆ. ಆ ಮಾತು ಹೇಳಲು ನನಗೆ ಯಾರ ಅಭಿಪ್ರಾಯವೂ ಬೇಕಾಗಲಿಲ್ಲ.