ಅರಿಶಿನ ಮೆತ್ತಿದ ಮೆಟ್ಟಿಲು

ಬೆಟ್ಟ ಹತ್ತುವ ಚಟ ನನಗೆ ಅಂಟಿದ್ದು ವಿಜಯವಾಡದಲ್ಲಿ. ಬ್ಯಾಂಕಿನವರು ನನ್ನನ್ನು ಧಾರವಾಡದಿಂದ ಎತ್ತಿ ಅಲ್ಲಿಗೆ ಹಾಕಿದಾಗ, ಭಾನುವಾರದ ಬೇಸರ ಕಳೆಯಲೆಂದು ಊರಿನ ಗುಡ್ಡಗಳನ್ನು ಒಂದೊಂದಾಗಿ ಹತ್ತತೊಡಗಿದೆ. ಯಜಮಾನರು ಗೊಣಗುತ್ತಲೇ ಹಿಂದೆ ಬರುತ್ತಿದ್ದರು. ಆಮೇಲೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ದ್ವಾರಕಾ ನಗರದ ಶಾಖೆಯಲ್ಲಿ ಕುರ್ಚಿ ಬೆಚ್ಚಗಾಗುವ ಮೊದಲೇ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು.

ಆಪರೇಷನ್, ಕೀಮೊ ಎಲ್ಲ ಆದವು. ಕೂದಲು ಹೋಗಿ ಮತ್ತೆ ಬಂತು. ಆಗುವಷ್ಟು ನಡೆಯಿರಿ ಎಂದು ಡಾಕ್ಟರು ಹೇಳಿದ್ದೇ ತಡ, ನರಸಿಂಹನ ಗುಡಿಯಿರುವ ಸಿಂಹಾಚಲ ಬೆಟ್ಟದ ಮೆಟ್ಟಿಲು ಹಿಡಿದೆ. ನನಗೆ ಅಂಥ ದೊಡ್ಡ ಭಕ್ತಿಯೇನಿಲ್ಲ. ಆಫೀಸಿನಲ್ಲಿ, ನೆರೆಯಲ್ಲಿ, ನನ್ನನ್ನು ಕಂಡವರೆಲ್ಲ ದನಿ ತಗ್ಗಿಸುತ್ತಿದ್ದರು. ಅದು ಮೈ ಉರಿಸುತ್ತಿತ್ತು. ಬೆಟ್ಟದಲ್ಲಾದರೆ ಎಲ್ಲರೂ ಏದುಸಿರು ಬಿಡುವವರೇ, ಎಲ್ಲರೂ ನಡುನಡುವೆ ಕೂರುವವರೇ. ಅಲ್ಲಿ ನನ್ನನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ಅರ್ಧ ದಾರಿಯಾಚೆ ನಮ್ಮದೊಂದು ಮೆಟ್ಟಿಲಿತ್ತು. ವಿಜಯವಾಡದ ಯಾರೋ ತಮ್ಮ ತೀರಿಹೋದ ಹೆಂಡತಿಯ ಹೆಸರಿನಲ್ಲಿ ಹಾಕಿಸಿದ ಕಲ್ಲು ಎಂದು ತೆಲುಗಿನಲ್ಲಿ ಕೆತ್ತಿತ್ತು. ಹಳೆಯ ಊರಿನವರದು ಎಂಬ ಸಲಿಗೆಯಿಂದ ಅಲ್ಲೇ ಕೂತು ನೀರು ಕುಡಿದು, ಚುರಮರಿ ತಿಂದು ಇಳಿಯುತ್ತಿದ್ದೆವು.

ಹೋದ ಚಳಿಗಾಲದ ಸ್ಕ್ಯಾನಿನಲ್ಲಿ ರೋಗ ಲಿವರಿಗೆ ಹಬ್ಬಿದ್ದು ಕಂಡಿತು. ವರದಿ ನನ್ನ ಫೋನಿಗೆ ಬಂತು. ಎಲ್ಲ ಮೊದಲಿನ ಹಾಗೇ ಇದೆಯಂತೆ ಎಂದು ಯಜಮಾನರಿಗೆ ಹೇಳಿಬಿಟ್ಟೆ. ನಿಜ ಹೇಳಲು ದಿನಾ ಬಾಯಿ ತೆರೆಯುವುದು, ದಿನಾ ಮುಚ್ಚುವುದು. ಹೇಳಿದರೆ ಬೆಟ್ಟ ತಪ್ಪುತ್ತದೆ, ಅವರೂ ದನಿ ತಗ್ಗಿಸುತ್ತಾರೆ ಎಂಬ ಹೆದರಿಕೆ.

ಬರಬರುತ್ತ ಕಾಲು ಸೋಲತೊಡಗಿದವು. ಒಂದು ಬೆಳಿಗ್ಗೆ ಅವರು, ನೀನು ನಿಧಾನಕ್ಕೆ ಬಾ ಎಂದು ಮುಂದೆ ಹೋದರು. ನಾನು ತಿರುವು ದಾಟುವಷ್ಟರಲ್ಲಿ ಕೈಬೀಸಿ ಕರೆದರು.

"ಬಾ, ನಮ್ಮ ಮೆಟ್ಟಿಲ ಬಂತು. ಇವತ್ತ ಲಗೂನ ಬಂದಿ."

ಮೆಟ್ಟಿಲ ತುಂಬ ಅರಿಶಿನ. ಇಲ್ಲಿನ ಹೆಂಗಸರು ಹರಕೆ ಹೊತ್ತು, ಪ್ರತಿ ಮೆಟ್ಟಿಲಿಗೂ ಅರಿಶಿನ ಹಚ್ಚಿ ಕುಂಕುಮವಿಟ್ಟು ಹತ್ತುವುದುಂಟು. ಆದರೆ ಅವರದು ತೆಳುವಾಗಿ ಒಂದು ಗೀಟು, ಮೇಲೊಂದು ಬೊಟ್ಟು. ಇದೋ ಗೋಡೆಗೆ ಗಾರೆ ಮೆತ್ತಿದ ಹಾಗಿತ್ತು, ಕುಂಕುಮದ ಸುಳಿವೇ ಇಲ್ಲ. ಕೆಳಗಿನ, ಮೇಲಿನ ಮೆಟ್ಟಿಲುಗಳು ಬರಿದಾಗಿದ್ದವು. ಯಾರೋ ಪೂಜೆ ಮಾಡಿದ್ದಾರೆ, ಅಕ್ಷರ ಮುಚ್ಚಿಹೋಗಿವೆ ಎಂದು ನಾನು ಕೇಳದೆಯೇ ವಿವರಿಸಿದರು. ಬಾಟಲಿ ಚಾಚಿದ ಕೈಯ ಉಗುರುಗಳೆಲ್ಲ ಹಳದಿ. ಮದುವೆಯಾದಾಗಿನಿಂದ ಒಂದು ಸಲವೂ ಒಗ್ಗರಣೆಗೆ ಅರಿಶಿನ ಹಾಕದ ಮನುಷ್ಯ.

ನಗು ಬಂತು, ಅದರ ಬೆನ್ನಿಗೇ ಅಳು. ಅಂಚಿನಲ್ಲಿ ಕೂತು ಅರಿಶಿನವನ್ನು ಅಂಗೈಯಿಂದ ಒರೆಸಿದೆ. ಕಲ್ಲು ನುಣ್ಣಗಿತ್ತು. ಅವರ ಕೈ ಹಿಡಿದು ಅದರ ಮೇಲಿಟ್ಟೆ.

"ಇಲ್ಲಿ ಅಕ್ಷರ ಇಲ್ರೀ. ನಮ್ಮ ಮೆಟ್ಟಿಲ ಇನ್ನೂ ಮ್ಯಾಲದ. ಸ್ಕ್ಯಾನೂ ಛಲೋ ಬಂದಿಲ್ಲ."

ಅವರು ಕೈ ತೆಗೆಯಲಿಲ್ಲ.

"ಗೊತ್ತದ. ನೀ ಸ್ನಾನಕ್ಕ ಹೋದಾಗ ಫೋನ್ ನೋಡೀನಿ. ಇಷ್ಟ ಹತ್ತಲಿಕ್ಕೂ ಆಗವಲ್ದು ಅಂತ ತಿಳದ್ರ ನೀ ಗುಡ್ಡ ಬಿಟ್ಟಗಿಟ್ಟೀ ಅಂತ…"

ಇಬ್ಬರಿಗೂ ಒಂದೇ ಹೆದರಿಕೆ. ಆ ಮೆಟ್ಟಿಲ ಮೇಲೇ ಕೂತು ಅತ್ತೆವು. ಹತ್ತಿ ಹೋಗುವವರು ನಮ್ಮದು ಭಕ್ತಿಯೆಂದು ತಿಳಿದು ಕೈಮುಗಿದು ಹೋದರು.

ಈಗಲೂ ಭಾನುವಾರ ಹೋಗುತ್ತೇವೆ. ಅವರು ಅರಿಶಿನ ತರುವುದಿಲ್ಲ. ನಾನು ಎಲ್ಲಿ ಕೂತರೆ ಅಲ್ಲೇ ಕೂತು ಚುರಮರಿ ಪೊಟ್ಟಣ ಬಿಚ್ಚುತ್ತಾರೆ. ಹೋದ ವಾರ ಮೊದಲ ತಿರುವನ್ನೂ ದಾಟಲಾಗಲಿಲ್ಲ.

"ನನ್ನ ಹೆಸರಿನ ಕಲ್ಲು ಇಲ್ಲೇ ಕೆಳಗ ಹಾಕಸ್ರಿ," ಎಂದೆ. "ನಿಮ್ಮ ಮೊಣಕಾಲಿಗೆ ಅಷ್ಟ ಮ್ಯಾಲೆ ಹತ್ತೂದು ಆಗೂದಿಲ್ಲ."

ಬೈಯುತ್ತಾರೆಂದುಕೊಂಡಿದ್ದೆ. ಅವರು ಕೂತ ಕಲ್ಲಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸುತ್ತ ಕೂತರು.