ಗೋಡೆ ದಾಟಿ ಬಂದ ರಾಗ

ಲಾಂಡ್ರಿ ಅಕ್ಕನಿಗೆ ಬರುತ್ತಿದ್ದದ್ದು ಒಂದೇ ಒಂದು ರಾಗ, ಅದೂ ತಪ್ಪು ಎಂಬುದು ಇಡೀ ಬೀದಿಗೆ ಗೊತ್ತಿತ್ತು. ಡಂಗುರ ಹೊಡೆದವನು ಬೇರಾರೂ ಅಲ್ಲ, ಸ್ವಂತ ಗಂಡ. ಬರೀ ವಾದ್ಯಗಳಲ್ಲಿ ನುಡಿಸುವ ಹಳೆಯ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಅದು, ರೇಡಿಯೋದಲ್ಲಿ ಕೇಳದವರಿಲ್ಲ. ಅವನು ಇಸ್ತ್ರಿ ಒತ್ತುತ್ತಾ ಅದನ್ನು ಸಲೀಸಾಗಿ ಗುನುಗುತ್ತಿದ್ದ. ಬಟ್ಟೆ ಮಡಿಸುತ್ತಾ ಇವಳು ಗುನುಗಿದರೆ ಮಾತ್ರ ಅದು ಎತ್ತಲೋ ಹೋಗುತ್ತಿತ್ತು. ಒಮ್ಮೆ ನೆಂಟರೆದುರೇ ಅವನು ಅದನ್ನು ಅಣಕಿಸಿ ತೋರಿಸಿ ಎಲ್ಲರನ್ನೂ ನಗಿಸಿದ. ಅಂದಿನಿಂದ ಅಕ್ಕ ಗುನುಗುವುದನ್ನೇ ಬಿಟ್ಟಳು.

ಬಾಯೇನೋ ಅದನ್ನು ಬಿಟ್ಟಿತು, ಮನಸ್ಸು ಬಿಡಬೇಕಲ್ಲ! ಅವಳ ಅಮ್ಮ ಒಂದು ಸಂಗೀತ ಸಭಾಂಗಣದಲ್ಲಿ ಕಸ ಗುಡಿಸುತ್ತಿದ್ದಳು. ತಾಯಿ-ಮಗಳು ಇದ್ದದ್ದು ಅದರ ಹಿಂಗೋಡೆಗೆ ಅಂಟಿಕೊಂಡ ಕೋಣೆಯಲ್ಲಿ. ಗೋಡೆಗೆ ಕಿವಿಯಾನಿಸಿ ಮಲಗಿ ಈ ಹುಡುಗಿ ಕಲಿತದ್ದೇ ಆ ರಾಗ. ಈಗ ಅಮ್ಮನೂ ಇಲ್ಲ, ಕೋಣೆಯೂ ಇಲ್ಲ. ಉಳಿದದ್ದು ಅದೊಂದೇ. ಅದೂ ತಾನು ಕಟ್ಟಿಕೊಂಡ ಸುಳ್ಳೋ ಏನೋ ಎಂಬ ಕೊರಗು ಅವಳನ್ನು ಬಿಡಲೇ ಇಲ್ಲ.

ರಜೆಗೆ ಬಂದ ಮಗಳು, ಈಗಿನವರು ಅದೇ ಸಂಗೀತವನ್ನು ತಮಗೆ ಬೇಕಾದ ಹಾಗೆ ನುಡಿಸಿದ್ದನ್ನೆಲ್ಲ ಮೊಬೈಲಿನಲ್ಲಿ ಒಂದೊಂದಾಗಿ ಹಾಕಿದಳು. ಗಿಟಾರಿನವರದು ಅಟ್ಟದಿಂದ ಪಾತ್ರೆ ಉರುಳಿಸಿದ ಹಾಗಿತ್ತು. ಇನ್ನೊಂದು ಎಷ್ಟು ನಿಧಾನವೆಂದರೆ ಒಂದು ಸ್ವರ ಮುಗಿಯುವಷ್ಟರಲ್ಲಿ ಒಂದು ಮಂಚದ ಹಾಸಿಗೆ ಬಟ್ಟೆಯನ್ನೆಲ್ಲ ಮಡಿಸಿಡಬಹುದಿತ್ತು. ಮತ್ತೊಂದರಲ್ಲಿ ವಾದ್ಯವೇ ಇಲ್ಲ, ಹತ್ತಾರು ಜನ ಬಾಯಲ್ಲೇ ಪಂ ಪಂ ಅನ್ನುತ್ತಿದ್ದರು. ಎಲ್ಲ ಕುಲಗೆಡಿಸಿಬಿಟ್ಟಿದ್ದಾರೆ ಎಂದು ಗಂಡ ಗೊಣಗಿದ. ಅಕ್ಕನಿಗೋ, ನುಡಿಸುವವರಲ್ಲಿ ಯಾರು ಏನು ಇಟ್ಟುಕೊಂಡರು, ಯಾರು ಏನು ಬಿಟ್ಟರು ಎಂದು ನೋಡುವುದೇ ಒಂದು ಮೋಜಾಯಿತು. ಎಲ್ಲದರ ಅಡಿಯಲ್ಲೂ ಏನೋ ಒಂದು ಮೆಲ್ಲಗೆ ನಡೆದಾಡುತ್ತಿದೆ ಅನ್ನಿಸಿ, ಮತ್ತೆ ಮತ್ತೆ ಹಾಕಿಸಿದಳು.

"ಇವರೆಲ್ಲ ಒಬ್ಬೊಬ್ಬರು ಒಂದೊಂದು ಥರ ನುಡಿಸ್ಬಹುದು. ನಂದು ಮಾತ್ರ ಯಾಕ್ರೀ ತಪ್ಪು?" ಎಂದು ಕೇಳಿದಳು. ಗಂಡ ಇಸ್ತ್ರಿಗೆ ಇನ್ನೊಂದು ಅಂಗಿ ಎಳೆದುಕೊಂಡ.

ಆಮೇಲೆ ಮೊಬೈಲಿನಲ್ಲಿ ಬಂದದ್ದು ಆಳೆತ್ತರದ ಪಿಟೀಲು ಹಿಡಿದ ಇಬ್ಬರು. ಅವರು ಎಲ್ಲರಿಗೂ ಗೊತ್ತಿರುವ ಮೇಲಿನ ರಾಗವನ್ನೇ ಬಿಟ್ಟು, ಅದರಡಿಯ ದಪ್ಪ ದನಿಯನ್ನಷ್ಟೇ ನುಡಿಸಿದರು. ದಿಂಬಿನ ಚೀಲ ಮಡಿಸುತ್ತಿದ್ದ ಅಕ್ಕನ ಕೈ ಅಲ್ಲೇ ನಿಂತಿತು. ಅದು ಅವಳದೇ ರಾಗ, ಒಂದು ಸ್ವರವೂ ಆಚೀಚೆ ಇಲ್ಲ. ಒಳಕೋಣೆಯಲ್ಲಿ ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿತ್ತು. ಬಾಗಿಲು ಮುಚ್ಚಿದ್ದರಿಂದ ಅದರ ಕೀರಲು ಕೇಳುತ್ತಿರಲಿಲ್ಲ, ಗುಡುಗುಡು ಅಷ್ಟೇ ಕೇಳುತ್ತಿತ್ತು. ಅಂದು ಸಭಾಂಗಣದ ಗೋಡೆಯೂ ತನಗೆ ದಪ್ಪ ದನಿಯನ್ನಷ್ಟೇ ದಾಟಿಸಿತ್ತು ಎಂಬುದು ಅವಳಿಗೆ ಥಟ್ಟನೆ ಹೊಳೆಯಿತು.

ಅಷ್ಟರಲ್ಲಿ ಗಂಡ ಎಂದಿನ ಚಾಳಿಯಂತೆ ತನ್ನದನ್ನು ಗುನುಗತೊಡಗಿದ್ದ. ಮೇಲಿನದೂ ಕೆಳಗಿನದೂ ಹೇಳಿ ಮಾಡಿಸಿದ ಹಾಗೆ ಕೂಡಿಕೊಂಡವು. ಅವನಿಗೂ ತಿಳಿಯಿತು, ಬಾಯಿ ಮುಚ್ಚಿದ.

ಅಕ್ಕನಿಗೆ ಸಂತೋಷಕ್ಕಿಂತ ಮೊದಲು ಬಂದದ್ದು ಸಿಟ್ಟು. ಕಣ್ಣಲ್ಲಿ ನೀರು ತುಂಬಿತು. "ಇಷ್ಟು ವರ್ಷ ನನ್ನ ಬಾಯಿ ಮುಚ್ಚಿಸಿಬಿಟ್ರಲ್ಲ."

ಅವನು ಇಸ್ತ್ರಿಯ ಸ್ವಿಚ್ ಆರಿಸಿದ. "ನಂಗೆ ಗೊತ್ತಾಗ್ಲಿಲ್ಲ ಕಣೇ," ಎಂದ. "ತಪ್ಪಾಯ್ತು."

ಅವಳು ಮೂಗೊರೆಸಿಕೊಂಡು ಮೊಬೈಲನ್ನು ಪಕ್ಕಕ್ಕಿಟ್ಟಳು.

"ನೀವು ಶುರು ಮಾಡಿ," ಎಂದಳು. "ಕೆಳಗಡೆ ನಾನಿರ್ತೀನಿ."